ಪಾಂಡವರ ಕಲ್ಲುಮನೆಯ ಹೊಗೆ

"ಬುದ್ದೀ, ನನ್ ಗಂಡನ್ನ ನೇಣಿಗೆ ಹಾಕ್ತಾರಂತೆ!" ಎಂದು ಸಿದ್ದಿ ಅಂಗಳದಲ್ಲಿ ಬಿದ್ದಾಗ, ಪಾರುಪತ್ಯಗಾರಿಕೆಯಿಂದ ನಿವೃತ್ತರಾಗಿದ್ದ ದೇರಪ್ಪನವರು ಕಿತ್ತಳೆ ಸುಲಿಯುತ್ತಿದ್ದರು. ಸುಂಟಿಕೊಪ್ಪದ ಅಂಚೆ ಗುಮಾಸ್ತನಾದ ನಾನು ಅದರ ಅರ್ಧಕ್ಕೆ ಕಾದಿದ್ದೆ. ಸುತ್ತಲಿನ ಕಳವು, ಕೊಲೆಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಆ ಅಂಗಳಕ್ಕೇ.

ಅವಳ ಗಂಡ ಚೋಮ, ಅವನ ಜೊತೆಗಾರ ಕುಟ್ಟಪ್ಪ, ಇಬ್ಬರ ಕಸುಬೂ ವಿಚಿತ್ರದ್ದು. ಗುಡ್ಡದ ಮೇಲೆ ಪಾಂಡವರು ಕಟ್ಟಿದರೆನ್ನುವ ಕಲ್ಲುಮನೆಯಿದೆ: ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳ, ಮುಂದೆ ಒಬ್ಬ ನುಸುಳುವಷ್ಟು ದುಂಡನೆಯ ತೂತು. ಮಡಿಕೇರಿಗೆ ಹೋಗುವ ದೊರೆಗಳು ಅದನ್ನು ನೋಡಲು ದಾರಿ ಬಳಸಿಕೊಂಡು ಬರುತ್ತಿದ್ದರು. ಕುಟ್ಟಪ್ಪ ಮೊದಲೇ ಒಳಗೆ ಕೂತು ಭೀಮನಂತೆ ಗುಡುಗುವನು, ದೊರೆಸಾನಿಯರು ಕಿರುಚುವರು, ಚೋಮ ಇನಾಮು ಪಡೆಯುವನು.

ಆ ಭಾನುವಾರ ಭೀಮ ಗುಡುಗಲಿಲ್ಲ. ತೂತಿಗೆ ಬಂಡೆ ಒತ್ತಿತ್ತು, ಸುತ್ತ ಮಸಿ. ಮುಳ್ಳುಹಂದಿಯ ಬಿಲಕ್ಕೆ ಹಾಕುವಂತೆ ಹೊಗೆ ಹಾಕಿ ಯಾರೋ ಕುಟ್ಟಪ್ಪನನ್ನು ಕೊಂದಿದ್ದರು. ಅವನ ಉಗುರುಗಳು ಕಿತ್ತುಬಂದಿದ್ದವು. ನೋಡಲು ಬಂದವರಲ್ಲೊಬ್ಬರು ಅದರ ಚಿತ್ರ ಬರೆದುಕೊಂಡರು.

"ಒಳಗೆ ಆಸಾಮಿ ಇರ್ತಾನೆ ಅಂತ ಗೊತ್ತಿದ್ದೋನು ಚೋಮ ಒಬ್ಬನೇ," ಎಂದ, ಚೋಮನನ್ನು ಗುಡ್ಡದ ಬುಡಕ್ಕೆ ಎಳೆತಂದಿದ್ದ ಪೊಲೀಸ್ ಜಮಾದಾರ ಜಯಪ್ಪ.

"ಹಿಂದಿನ ವಾರ ಭೀಮ ಏನಂದ?" ದೇರಪ್ಪನವರು ಚೋಮನನ್ನು ಕೇಳಿದರು.

ಬೇಡಿಯಲ್ಲಿದ್ದ ಚೋಮ ತಲೆ ತಗ್ಗಿಸಿದ. "ಕಾಫಿ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಸಾಂತಪ್ಪನೋರು ಎಮ್ಮೆ ಕಂಡು ಕಾಟಿ, ಕಾಡುಕೋಣ ಅಂತ ಹೆದರಿ ಮರ ಹತ್ತಿದ್ರು ಅಂದ್ಬಿಟ್ಟ, ಬುದ್ದಿ. ಅವರ ದೊರೆ ಎದುರಿಗೇ. ಆವತ್ತಿಂದ ದೊರೆ ಅವರನ್ನ ಕಾಟಿ ಅಂತ್ಲೇ ಕರೀತಾರೆ. ಎಮ್ಮೆ ಬಂದ ದಿನ ಅಲ್ಲಿದ್ದೋನು ಕುಟ್ಟಪ್ಪ ಒಬ್ಬನೇ."

ಗುಡ್ಡದ ತಿರುವಿನಲ್ಲಿ ದಾರಿ ಕಾಯುವ ದೇವತೆ ಸೊಪ್ಪಿನಮ್ಮನಿಗೆ ಹಾಕಿದ ಟೊಂಗೆಗಳ ರಾಶಿ; ಒಂದು ಟೊಂಗೆ ಹಾಕದೆ ಯಾರೂ ದಾಟುವುದಿಲ್ಲ. ದೇರಪ್ಪನವರು ಮೇಲಿನದನ್ನು ಕೋಲಿನಿಂದ ಸರಿಸಿದರು. ಚೋಮ ಆ ಭಾನುವಾರ ತಾನು ಹಾಕಿದ ನೇರಳೆ ಟೊಂಗೆಯನ್ನು ತೋರಿಸಿದ. ಅದರಡಿ ಬಿಳಿ ಹೂವಿನ ಕಾಫಿ ಟೊಂಗೆ. ಅದಕ್ಕೂ ಅಡಿಯಲ್ಲಿ ಕುಟ್ಟಪ್ಪ ಯಾವಾಗಲೂ ಹಾಕುತ್ತಿದ್ದ ಬಿದಿರು. "ರೈಟರನ್ನೂ ಕಾಫಿ ಕೊಯ್ಯೋರನ್ನೂ ಮೇಲೆ ಕರೆಸಿ, ಅಂಚೆಯೋರೇ," ಎಂದರು ನನಗೆ.

ಕಲ್ಲುಮನೆಯ ಮುಂದೆ ಎಲ್ಲರೂ ಸೇರಿದರು.

"ಆ ಭಾನುವಾರ ನಾನು ಎಸ್ಟೇಟ್ ಬಿಟ್ಟು ಕದಲೇ ಇಲ್ಲ," ಎಂದ ಸಾಂತಪ್ಪ.

"ಲಿಂಗೀ, ಕೈ ತೋರಿಸು," ಎಂದರು ದೇರಪ್ಪನವರು. ಕಾಫಿ ಕೊಯ್ಯುವ ಲಿಂಗಿ ಸೊಟ್ಟಗಾದ ಎರಡು ಬೆರಳು ಚಾಚಿದಳು. ಮುಡಿಯಲೆಂದು ಕಾಫಿ ಹೂವಿನ ಟೊಂಗೆ ಮುರಿದದ್ದಕ್ಕೆ ಸಾಂತಪ್ಪನ ಬೆತ್ತ ಕೊಟ್ಟ ಉತ್ತರ ಅದು.

"ಅಂದಮೇಲೆ ಕಾಫಿ ಟೊಂಗೆ ಮುರಿಯೋ ಧೈರ್ಯ ಇಬ್ಬರಿಗೇ: ದೊರೆಗೆ, ರೈಟರಿಗೆ. ದೊರೆ ಸೊಪ್ಪಿನಮ್ಮನಿಗೆ ಹೆದರೋರಲ್ಲ. ಎಮ್ಮೆಯ ದಿನ ಮರದಡಿ ನಿಂತು ನಕ್ಕೋನು ಕುಟ್ಟಪ್ಪ ಒಬ್ಬನೇ. ಆ ಕತೆ ಕಲ್ಲಿನೊಳಗಿಂದ ಬಂದಾಗಲೇ ಭೀಮ ಯಾರು ಅಂತ ನಿಮಗೆ ತಿಳೀತು. ಕುಟ್ಟಪ್ಪ ಗುಡ್ಡ ಹತ್ತಿದ ಮೇಲೆ, ಚೋಮ ಬರೋಕೆ ಮುಂಚೆ, ಈ ಟೊಂಗೆ ಹಾಕಿದೋರು ಯಾರು, ಸಾಂತಪ್ಪನೋರೇ?"

ಸಾಂತಪ್ಪ ಕೆಳಗಿನ ತಿರುವಿನ ಕಡೆ ನೋಡಿದ. "ಹಾಕದೆ ದಾಟಿದ್ರೆ ಹಾವು ಕಚ್ಚತ್ತೆ ಅಂತಾರಲ್ಲ..."

"ಕಚ್ಚಲಿಲ್ಲ ತಾನೆ? ಅಮ್ಮ ಮಾತು ಉಳಿಸಿಕೊಂಡಳು."

ಚೋಮನ ಬೇಡಿ ಕಳಚಿ ಸಾಂತಪ್ಪನ ಕೈಗೆ ಬಿತ್ತು. ಮುಂದಿನ ಭಾನುವಾರ, ಮನುಷ್ಯ ಸತ್ತ ಕಲ್ಲು ನೋಡಲು ಎರಡರಷ್ಟು ಜನ ಬಂದರು. ಈಗ ಚೋಮನೇ ಒಳಗೆ ಕೂತು ಗುಡುಗಿದ. ತೂತಿನ ಪಕ್ಕದಲ್ಲಿ ಸಿದ್ದಿ ಕತ್ತಿ ಹಿಡಿದು ಕೂತಿದ್ದಳು, ಯಾರನ್ನೂ ಹತ್ತಿರ ಬಿಡದೆ. ಅದೂ ಆಟದ ಭಾಗವೆಂದು ತಿಳಿದು ದೊರೆಸಾನಿಯರು ಚಪ್ಪಾಳೆ ತಟ್ಟಿದರು.