ದಾಯಾದಿ ಕೇತಲೆ

ಬಹಳ ಹಿಂದೆ ತೊರೆಗಲ್ಲು ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ರಾಜನಿಗೆ ಇಬ್ಬರು ಮಕ್ಕಳು. ದೊಡ್ಡವನು ಅಂಕದೇವ, ಚಿಕ್ಕವಳು ಕೇತಲೆ. ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ತಂದೆ ತೀರಿಕೊಂಡ ಮೇಲೆ ಅವನು ಉಣ್ಣುತ್ತಿದ್ದ ಕಂಚಿನ ತಟ್ಟೆಯಲ್ಲಿ ಮೊಸರನ್ನ ಕಲಸಿಡುತ್ತಿದ್ದರು. ಹುಟ್ಟಿನಿಂದಲೇ ಪಾಲಿರುವವರೆಲ್ಲ ಅದಕ್ಕೆ ಕೈಹಾಕಿ ಉಣ್ಣಬೇಕು. ಹಾಗೆ ಉಣ್ಣುವವರನ್ನು ದಾಯಾದಿಗಳು ಎನ್ನುತ್ತಿದ್ದರು. ದಾಯ ಎಂದರೆ ಹಿರಿಯರಿಂದ ಬರುವ ಪಾಲು. ಅದನ್ನು ಯಾರೂ ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ತಾನಾಗಿ ಬರುತ್ತದೆ.

ರಾಜ ಸತ್ತ. ತಟ್ಟೆ ಇಡುವ ಮೊದಲೇ ಕರಿಮಸಣನೆಂಬ ಮಾಂತ್ರಿಕ ಅಂಕದೇವನನ್ನು ತನ್ನ ಕೋಟೆಗೆ ಹೊತ್ತೊಯ್ದು ಕಲ್ಲು ಮಾಡಿ, ಅವನ ಆಯಸ್ಸನ್ನು ಹೀರಿಕೊಂಡು ತಾನು ಬದುಕತೊಡಗಿದ. ಸೈನ್ಯ ಹೋಯಿತು, ಕೋಟೆಯ ಬಾಗಿಲು ತೆರೆಯಲಿಲ್ಲ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು. ಆಗ ಕೇತಲೆ ಒಬ್ಬಳೇ ಹೊರಟಳು.

ಮೊದಲನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು ಕೂತಿತ್ತು.

"ಯಾರು ನೀನು?"

"ಒಳಗಿರೋನ ದಾಯಾದಿ."

"ದಾಯಾದಿಯಾದ್ರೆ ನಿನ್ನದರಲ್ಲಿ ಅರ್ಧ ಕೊಡು. ನಿನ್ನ ಅರ್ಧ ನಿದ್ದೆ ಕೊಡು."

ಕೇತಲೆ ಅರ್ಧ ನಿದ್ದೆ ಕೊಟ್ಟಳು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಕೊಕ್ಕಿನ ಹದ್ದು.

"ಯಾರು ನೀನು?"

"ಒಳಗಿರೋನ ದಾಯಾದಿ."

"ನಿನ್ನ ನೋಟದಲ್ಲಿ ಅರ್ಧ ಕೊಡು."

ಕೇತಲೆ ಒಂದು ಕಣ್ಣು ಕೊಟ್ಟಳು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಬಿಳಿ ಹುಲಿ. ಅದೂ ಅದನ್ನೇ ಕೇಳಿತು, ಕೇತಲೆಯೂ ಅದನ್ನೇ ಹೇಳಿದಳು.

"ನಿನ್ನ ಆಯಸ್ಸಲ್ಲಿ ಅರ್ಧ ಕೊಡಬೇಕಾಗುತ್ತೆ, ಮಗಳೇ. ಯೋಚನೆ ಮಾಡು."

"ಯೋಚನೆ ಮಾಡೋದಕ್ಕೇನಿದೆ? ಅವನು ನಮ್ಮಣ್ಣ."

ಬಾಗಿಲು ತೆರೆಯಿತು. ಅವಳ ಅರ್ಧ ಆಯಸ್ಸು ಕಲ್ಲಾಗಿದ್ದ ಅಣ್ಣನೊಳಗೆ ಇಳಿಯಿತು. ಅಂಕದೇವ ಕಣ್ಣು ಬಿಟ್ಟ. ಕದ್ದ ಉಸಿರು ಒಡೆಯನಿಗೆ ಮರಳಿ, ಅದರಲ್ಲೇ ಬದುಕಿದ್ದ ಕರಿಮಸಣ ಕೋಟೆಯ ಸಮೇತ ಅಲ್ಲೇ ಬೂದಿಯಾದ. ಅಣ್ಣ ತಂಗಿಯನ್ನು ತಬ್ಬಿಕೊಂಡು ಅತ್ತ. ಅದೇನೂ ನಾಟಕದ ಅಳುವಲ್ಲ, ನಿಜವಾಗಿಯೇ ಅತ್ತ.

ಅರಮನೆಯಲ್ಲಿ ತಟ್ಟೆ ಇಟ್ಟರು. ಅಂಕದೇವ ಕೂತ, ಕೇತಲೆ ಪಕ್ಕದಲ್ಲಿ ಕೂತಳು. ಆಸ್ಥಾನದ ಹಿರಿಯರು ಕೆಮ್ಮಿದರು.

"ತಾಯಿ, ದಾಯಾದಿ ಅನ್ನೋ ಮಾತು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮ ಇದೆಯಲ್ಲ."

ಹಾವಿಗೆ ಗೊತ್ತಿದ್ದದ್ದು, ಹದ್ದಿಗೆ ಗೊತ್ತಿದ್ದದ್ದು, ಹುಲಿಗೆ ಗೊತ್ತಿದ್ದದ್ದು ಆ ಓದಿಕೊಂಡ ತಲೆಗಳಿಗೆ ಗೊತ್ತಿರಲಿಲ್ಲ. ಕೇತಲೆ ಇದ್ದ ಒಂದು ಕಣ್ಣಿನಿಂದ ಅಣ್ಣನನ್ನು ನೋಡಿದಳು. ಅಣ್ಣ ತಟ್ಟೆಯನ್ನು ನೋಡಿದ.

"ನಿನಗೇನು ಬೇಕೋ ಕೇಳಮ್ಮ, ಕೊಡ್ತೀನಿ."

"ಕೇಳಿ ತಗೊಂಡ್ರೆ ಅದು ದಾನ ಆಗುತ್ತಣ್ಣ. ನನ್ನ ಅರ್ಧ ಆಯಸ್ಸು ನಿನ್ನ ಮೈಯಲ್ಲಿದೆ. ಅದನ್ನ ದಾಯಾದಿ ಅಂತಲೇ ಕೊಟ್ಟೆ, ಆ ಬಾಗಿಲುಗಳು ತಂಗಿ ಅಂತ ತೆರೆದದ್ದಲ್ಲ."

"ಅದು ಬೇರೆ, ಇದು ಬೇರೆ," ಎಂದು ಅಂಕದೇವ ತುತ್ತು ಬಾಯಿಗಿಟ್ಟ. ಗಂಟಲಲ್ಲೇನೂ ಸಿಕ್ಕಿಕೊಳ್ಳಲಿಲ್ಲ. ಇಂಥ ಅನ್ನ ಯಾವಾಗಲೂ ಸಲೀಸಾಗಿಯೇ ಇಳಿಯುತ್ತದೆ.

ಕೇತಲೆ ಎದ್ದು ಹೋದಳು. ಮಾಂತ್ರಿಕ ಬೂದಿಯಾದ ಬಯಲು ಯಾರಿಗೂ ಬೇಡವಾಗಿತ್ತು. ಅಲ್ಲಿ ಗುಡಿಸಲು ಹಾಕಿ, ಬಾವಿ ತೋಡಿ, ದಾಳಿಂಬೆ ಗಿಡ ನೆಟ್ಟಳು. ನಿದ್ದೆ ಅರ್ಧವೇ ಆದ್ದರಿಂದ ಕೆಲಸಕ್ಕೆ ಹೊತ್ತು ಬೇಕಾದಷ್ಟಿತ್ತು. ವರ್ಷ ವರ್ಷ ಅರಮನೆಯಿಂದ ಅರಿಸಿನ ಕುಂಕುಮ, ಸೀರೆ ಬರುತ್ತಿದ್ದವು. ಅವಳು ಬಿಚ್ಚದೆ ವಾಪಸು ಕಳಿಸುತ್ತಿದ್ದಳು. "ತಂಗಿಗೆ ಜಂಬ," ಎಂದು ಅಣ್ಣ ನೊಂದುಕೊಳ್ಳುತ್ತಿದ್ದ.

ತೋಟ ಕಾಯಿಬಿಟ್ಟು ಹೆಸರಾಗುವ ಹೊತ್ತಿಗೆ ಕೇತಲೆ ತೀರಿಕೊಂಡಳು. ಕೂದಲಿನ್ನೂ ಕಪ್ಪಾಗಿತ್ತು. ಅಂಕದೇವ ಪರಿವಾರದೊಂದಿಗೆ ಬಂದ, ಅತ್ತ, ಕ್ರಿಯೆಯನ್ನೆಲ್ಲ ಸಾಂಗವಾಗಿ ಮಾಡಿಸಿದ. ಆಮೇಲೆ ಹಿರಿಯರ ಕಡೆ ತಿರುಗಿ, ಈ ತೋಟ ಯಾರಿಗೆ ಸೇರುತ್ತದೆ ಎಂದು ಕೇಳಿದ.

"ಗಂಡನಿಲ್ಲ, ಮಕ್ಕಳಿಲ್ಲ. ದಾಯಾದಿ ಅಂತ ಇರೋರು ತಾವೊಬ್ಬರೇ, ಪ್ರಭು."

ಅಂಕದೇವ ತಲೆಯಾಡಿಸಿ, ಅವಳ ತಟ್ಟೆಯಲ್ಲಿ ಮೊಸರನ್ನ ಕಲಸಲು ಹೇಳಿ ಕೂತು ಉಂಡ. ಆ ವರ್ಷ ದಾಳಿಂಬೆ ಬಹಳ ಸಿಹಿಯಾಗಿತ್ತು. ರಾಜ ತನ್ನ ಆಯಸ್ಸಿನ ಜೊತೆ ತಂಗಿಯ ಆಯಸ್ಸನ್ನೂ ಸೇರಿಸಿಕೊಂಡು ಬಹುಕಾಲ ಬದುಕಿದ, ರಾಜ್ಯದವರೆಲ್ಲ ಹಣ್ಣು ತಿಂದು ಸುಖವಾಗಿದ್ದರು.