ರಾಮಕುಂಜದ ಹೈಬ್ರಿಡ್ ಅಜ್ಜಾವರಕ್ಕೆ ಹೋದದ್ದು

“ಎರಡು ಇಂಜಿನ್ ಇದ್ರೆ ಹಾಳಾಗುದೂ ಎರಡು ಸಲ ಅಲ್ವಾ?” ಎಂದು ಕೇಳಿದ ಗಿರಾಕಿಗೆ ಕೃಷ್ಣಮೋಹನ ಚಹಾ ಕುಡಿಸಿ, ನಗುತ್ತಾ ಗೇಟಿನವರೆಗೆ ಬಿಟ್ಟು ಬಂದ. ಆ ಪ್ರಶ್ನೆ ಕೇಳಿದವರಲ್ಲಿ ಅವನು ಹನ್ನೊಂದನೆಯವನು. ಹನ್ನೆರಡನೆಯವನು ಬರುವ ಮೊದಲು ಏನಾದರೂ ಮಾಡಬೇಕಿತ್ತು.

ಪುತ್ತೂರಿನ ಹೆದ್ದಾರಿ ಬದಿಯಲ್ಲಿ ಅವನದು ಹಳೆಯ ಕಾರುಗಳ ಅಂಗಳ. ಇಪ್ಪತ್ತೆರಡು ವರ್ಷಗಳಿಂದ ಇತರರು ಬೇಡವೆಂದದ್ದನ್ನು ತೊಳೆದು, ಒರೆಸಿ, ಬೇಕೆನ್ನುವವರಿಗೆ ಮಾರುತ್ತಿದ್ದ. ಈಗ ಒಂದು ದೊಡ್ಡ ಕಂಪೆನಿ ಪುತ್ತೂರು, ಸುಳ್ಯ, ಕಡಬ ಮೂರಕ್ಕೂ ಸೇರಿ ಹೊಸ ಐಷಾರಾಮಿ ಕಾರುಗಳ ಶೋರೂಂ ತೆರೆಯುವುದಿತ್ತು. ಪುತ್ತೂರಿನಲ್ಲಿ ತೆರೆದರೆ ನಡೆಸಲು ಅವನಿಗೇ ಕೊಡುವುದೆಂದು ಮಾತಾಗಿತ್ತು. ಗಾಜಿನ ಗೋಡೆ, ಎಸಿ, ಟೈ ಕಟ್ಟಿದ ಹುಡುಗರು. ಆ ಗಾಜಿನ ಹಿಂದೆ ಕುಳಿತ ತನ್ನನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಲ ರಸ್ತೆಯ ಆಚೆ ಬದಿಯಿಂದ ನೋಡಿಯೂ ಆಗಿತ್ತು.

ಕಂಪೆನಿಯ ಕಡೆಯಿಂದ ಬಂದವಳು ಸಮನ್ವಿತಾ. ಪೆಟ್ರೋಲು ಇಂಜಿನಿನ ಜೊತೆಗೆ ಕರೆಂಟಿನ ಮೋಟಾರೂ ಇರುವ ಹೈಬ್ರಿಡ್ ಕಾರಿಗೆ ಈ ಊರಿನವರು ಹೆಚ್ಚು ದುಡ್ಡು ಕೊಡುತ್ತಾರೆಯೇ ಎಂಬುದೊಂದೇ ಅವಳ ಪ್ರಶ್ನೆ. ನೂರಹತ್ತು ಜನರನ್ನು ಕೇಳಿದ್ದಳು. ತೊಂಬತ್ತು ಜನ “ನೋಡುವ” ಎಂದಿದ್ದರು. ಬೇರೆ ಸೀಮೆಯವರಾಗಿದ್ದರೆ ಅದನ್ನು ಹೌದು ಎಂದು ಬರೆದುಕೊಳ್ಳುತ್ತಿದ್ದರು. ಅವಳು ಇದೇ ಕರಾವಳಿಯ ಮೂಲ್ಕಿಯವಳು. ಇಲ್ಲ ಎಂದು ಬರೆದುಕೊಂಡಿದ್ದಳು.

“ಒಬ್ರು ಸಾಕು ಸರ್,” ಎಂದಿದ್ದಳು. “ಹೈಬ್ರಿಡ್ ಅಂತಲೇ ಹೆಚ್ಚು ಕೊಟ್ಟು ತೆಗೊಂಡವರು. ಹಳೇ ಕಾರಾದ್ರೂ ಆಗ್ತದೆ. ಕ್ಯಾಮೆರಾ ಎದುರು ನಿಂತು ಹೇಳ್ಬೇಕು. ಫೆಬ್ರವರಿ ಒಳಗೆ ಸಿಗದಿದ್ರೆ ಶೋರೂಂ ಬಂಟ್ವಾಳಕ್ಕೆ ಹೋಗ್ತದೆ.”

ಬಂಟ್ವಾಳ! ಆ ರಾತ್ರಿ ಕೃಷ್ಣಮೋಹನ ತನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ನೆನಪಿಸಿಕೊಂಡ. ಫ್ಯಾನ್ಸಿ ನಂಬರಿಗೆ ಲಕ್ಷ ಸುರಿಯುವ ಜನ, ಚರ್ಮದ ಸೀಟಿಗೆ ಲಕ್ಷ ಕೊಟ್ಟು ಅದರ ಮೇಲೆ ಮೈ ಒರೆಸುವ ಬೈರಾಸು ಹಾಸಿ ಕುಳಿತುಕೊಳ್ಳುವ ಜನ, ಬ್ಯಾಟರಿಯ ಮಾತೆತ್ತಿದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವರು ಹೈಬ್ರಿಡ್ಡಿಗೆ ಹೆಚ್ಚು ಕೊಡುವವರಲ್ಲ, ಹೆದರುವವರು. ಹಾಗೆ ಯೋಚಿಸುತ್ತಿದ್ದಂತೆ ಅವನಿಗೆ ದಾರಿ ಕಂಡಿತು. ಹೆದರುವವನಿಂದ ಕೊಂಡು, ಮೆರೆಯುವವನಿಗೆ ಮಾರಬೇಕು.

ಹೆದರುವವರು ಕಡಬ ಕಡೆಯ ರಾಮಕುಂಜದಲ್ಲಿದ್ದರು. ಯಜ್ಞೇಶ್ವರ ಭಟ್ಟರ ಬಳಿ ಆರು ವರ್ಷ ಹಳೆಯ ಹೈಬ್ರಿಡ್ ಸೆಡಾನ್ ಒಂದಿತ್ತು. ಅದು ಕಪ್ಪು ಬಣ್ಣದ್ದು, ಉದ್ದನೆಯದು, ಗೀರಿಲ್ಲದ್ದು. ಭಟ್ಟರು ಅದನ್ನು ತಮ್ಮ ಕೈಯಾರೆ ತೊಳೆಯುತ್ತಿದ್ದರು. ಕೃಷ್ಣಮೋಹನ ಅವರಿಗೆ ಫೋನು ಮಾಡಿ, ಹಳೆಯ ಗುರುತಿನವರಿಗೆಂದು ಉಚಿತ ತಪಾಸಣೆ ಇಟ್ಟಿದ್ದೇನೆಂದ. ಉಚಿತ ಎಂಬ ಮಾತಿಗೆ ಭಟ್ಟರು ಮರುದಿನವೇ ಬಂದರು.

ಅವರು ಆಫೀಸಿನಲ್ಲಿ ಕುಳಿತು ಪೇಪರು ಓದುವಷ್ಟರಲ್ಲಿ ಅವನು ಹಿಂದಿನ ಸೀಟಿನ ಕೆಳಗಿನ ಒಂದು ಚಿಕ್ಕ ಸಾಕೆಟ್ಟನ್ನು ಉಗುರಿನಷ್ಟು ಸಡಿಲ ಮಾಡಿದ. ಕಾರು ಚಾಲೂ ಮಾಡಿದಾಗ ಎದುರಿನ ಪರದೆಯ ಮೇಲೆ ಕೆಂಪು ದೀಪ ಉರಿಯಿತು. ಅವನು ಆ ದೀಪವನ್ನು ಭಟ್ಟರಿಗೆ ತೋರಿಸಿದ, ಏನೂ ಹೇಳಲಿಲ್ಲ. ಹೇಳದೆ ಇರುವುದು ಹೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆಂದು ಅವನಿಗೆ ಗೊತ್ತಿತ್ತು.

“ಎಂತದು ಇದು?” ಭಟ್ಟರು ಪರದೆಯ ಕಡೆಗೆ ಬಾಗಿದರು.

“ದೊಡ್ಡ ಬ್ಯಾಟರಿ ಅಣ್ಣ. ಆಯುಸ್ಸು ಮುಗಿದ ಹಾಗೆ ಕಾಣ್ತದೆ.”

“ಹೊಸತಕ್ಕೆ ಎಷ್ಟಾಗ್ತದೆ?”

“ಏಳು ಲಕ್ಷದ ಒಳಗೆ ಆದ್ರೆ ನಿಮ್ಮ ಪುಣ್ಯ.”

“ಮಂಗಳೂರಿಗೆ ಒಯ್ದು ಕಂಪೆನಿಯವರ ಹತ್ರ ತೋರಿಸಿದ್ರೆ?”

ಈ ಪ್ರಶ್ನೆಗಾಗಿಯೇ ಅವನು ಕಾದಿದ್ದ. “ತೋರಿಸಿ ಅಣ್ಣ, ಅಗತ್ಯ ತೋರಿಸಿ. ಆದ್ರೆ ಅಲ್ಲಿ ಕಂಪ್ಯೂಟರಿಗೆ ಬ್ಯಾಟರಿ ಸತ್ತದ್ದು ಅಂತ ಒಂದು ಸಲ ಏರಿದ್ರೆ ಮುಗಿಯಿತು. ಮತ್ತೆ ಗುಜರಿಯವನೂ ಕೇಳುದಿಲ್ಲ. ನಾನು ಹೇಳಿದೆ ಅಂತ ಬೇಡ, ನೀವೇ ಯೋಚನೆ ಮಾಡಿ.”

ಭಟ್ಟರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಹೊಸ ಕಾರಿನ ಕಾಲು ಭಾಗಕ್ಕೂ ಕಡಿಮೆ ಬೆಲೆಗೆ ಕೀ ಕೊಟ್ಟು, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, “ಇದನ್ನು ಎಂತ ಮಾಡ್ತಿ?” ಎಂದು ಕೇಳಿದರು. ಬಿಚ್ಚಿ ಬಿಡಿಭಾಗ ಮಾಡಿ ಗುಜರಿಗೆ ಕಳುಹಿಸುವುದಾಗಿ ಅವನು ಹೇಳಿದ. ಭಟ್ಟರು ತಿರುಗಿ ನೋಡದೆ ಬಸ್ಸು ಹತ್ತಿದರು. ಬಸ್ಸು ತಿರುವು ದಾಟುವ ಮೊದಲೇ ಕೃಷ್ಣಮೋಹನ ಸಾಕೆಟ್ಟನ್ನು ಒತ್ತಿ ಕೂರಿಸಿದ. ಕೆಂಪು ದೀಪ ಆರಿತು.

ಮೆರೆಯುವವನನ್ನು ಆರಿಸಲು ಅವನು ಹೆಚ್ಚು ಹೊತ್ತು ತೆಗೆದುಕೊಂಡ. ಕಾರಿನ ನಂಬರು ಬದಲಿಸುವಂತಿರಲಿಲ್ಲ. ಆದ್ದರಿಂದ ಭಟ್ಟರನ್ನು ಬಲ್ಲವರ ಕಣ್ಣಿಗೆ ಅದು ಎಂದೂ ಬೀಳಬಾರದು. ಸುಳ್ಯ ಕಡೆಯ ಅಜ್ಜಾವರದ ಬೆಳ್ಯಪ್ಪ ಗೌಡರನ್ನು ಅವನು ಜರಡಿ ಹಿಡಿದಂತೆ ಪರೀಕ್ಷಿಸಿದ. ಭಟ್ಟರದು ಹವ್ಯಕರ ಮನೆ, ಗೌಡರದು ಅರೆಭಾಷೆ ಮಾತಾಡುವ ಮನೆ. ಹಾಗಾಗಿ ಇಬ್ಬರೂ ಒಂದೇ ಮದುವೆ ಚಪ್ಪರದಲ್ಲಿ ಎದುರಾಗುವ ಸಂಭವ ಇಲ್ಲ. ದೇವಸ್ಥಾನ ಬೇರೆ, ಸೊಸೈಟಿ ಬೇರೆ, ಡಾಕ್ಟರು ಬೇರೆ. ಭಟ್ಟರು ಅಡಿಕೆ ಮಾರುವುದು ಪುತ್ತೂರಿನಲ್ಲಿ, ಗೌಡರು ಸುಳ್ಯದಲ್ಲಿ. ಒಬ್ಬರು ಊಟಕ್ಕೆ ಕೂರುವ ಹೋಟೆಲಿನ ಮೆಟ್ಟಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ. ಕೃಷ್ಣಮೋಹನ ಕಾಗದದ ಮೇಲೆ ಎರಡು ಹೆಸರು ಬರೆದು ಅವನ್ನು ಕೂಡಿಸುವ ಗೆರೆ ಎಳೆಯಲು ನೋಡಿದ. ಒಂದು ಗೆರೆಯೂ ಸಿಗಲಿಲ್ಲ. ಅವನಿಗೆ ಜಾತಿ ಪದ್ಧತಿಯ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ದಾಖಲೆಯನ್ನು ಮೊದಲು ತನ್ನ ಹೆಸರಿಗೆ ಮಾಡಿಸಿಕೊಂಡ. ಹಳೆಯ ಯಜಮಾನರ ಹೆಸರು ಹೊಸಬರ ಕಣ್ಣಿಗೆ ಬೀಳಬಾರದಲ್ಲ. ಒಳಗೆ ಅಗರಬತ್ತಿಯ ವಾಸನೆ ಇತ್ತು. ಬಾಗಿಲು ತೆರೆದಿಟ್ಟು ನಾಲ್ಕು ದಿನ ಗಾಳಿಯಾಡಿಸಿ, ಆಸ್ಪತ್ರೆಯಲ್ಲಿ ನೆಲ ಒರೆಸುವ ದ್ರಾವಣದಿಂದ ಒರೆಸಿದ. ಏಕೆಂದರೆ ಕಾರು ಇನ್ನು ಮೇಲೆ ಒಬ್ಬ ಡಾಕ್ಟರದಾಗಿತ್ತು.

“ಪುತ್ತೂರಿನ ಡಾಕ್ಟ್ರೊಬ್ರದ್ದು,” ಎಂದು ಅವನು ಬೆಳ್ಯಪ್ಪ ಗೌಡರ ಚಾವಡಿಯಲ್ಲಿ ಕುಳಿತು ಹೇಳಿದ. “ಆದಿತ್ಯವಾರ ಮಾತ್ರ ಹೊರಗೆ ತೆಗೀತಿದ್ದದ್ದು. ಈಗ ವಿದೇಶಕ್ಕೆ ಹೋದ್ರು.”

ಗೌಡರು ಕಾರಿಗೆ ಒಂದು ಸುತ್ತು ಬಂದರು. “ಎರಡು ಇಂಜಿನಾ ಇದಕ್ಕೆ?”

ಕೃಷ್ಣಮೋಹನನಿಗೆ ಆ ಹನ್ನೊಂದು ಜನ ನೆನಪಾದರು. ಆದರೆ ಉತ್ತರ ಕೊಟ್ಟದ್ದು ಗೌಡರ ಹೆಂಡತಿ ಕುಮುದಿನಿ. “ಎರಡಿದ್ರೆ ಒಳ್ಳೇದೇ. ನಿಮ್ಮ ಜೀಪಿನದ್ದು ಒಂದು ಕೈಕೊಟ್ಟಾಗ ತಳ್ಳಿದ್ದು ನಾನಲ್ವಾ!”

“ಅಕ್ಕನಿಗೆ ಅರ್ಥ ಆಯ್ತು,” ಎಂದ ಕೃಷ್ಣಮೋಹನ. ಬಳಿಕ ದನಿ ತಗ್ಗಿಸಿದ. “ಹಾಗೆ ನೋಡಿದ್ರೆ ನಾನು ಇದನ್ನು ಇಲ್ಲಿಗೆ ತರುದೇ ತಪ್ಪು. ಸಾಮಾನ್ಯ ಕಾರಿಗಿಂತ ನಾಲ್ಕು ಲಕ್ಷ ಹೆಚ್ಚು ಉಂಟು. ಸುಳ್ಯದಲ್ಲಿ ಒಬ್ಬನಿಗೂ ಅಷ್ಟು ಧೈರ್ಯ ಇಲ್ಲ ಅಂತ ಕಂಪೆನಿಯವ್ರೇ ಬರ್ದುಕೊಂಡು ಹೋಗಿದ್ದಾರೆ.”

“ಯಾರು ಬರ್ದದ್ದು?”

“ಮಂಗಳೂರಿನವ್ರು. ಇಡೀ ತಾಲೂಕಿನಲ್ಲಿ ಇದು ಒಂದೇ ಆಗ್ತಿತ್ತು. ಇರ್ಲಿ, ಬಂಟ್ವಾಳದಲ್ಲಿ ಒಬ್ರು ಕೇಳ್ತಾ ಇದ್ದಾರೆ.”

ಬೆಳ್ಯಪ್ಪ ಗೌಡರು ಬ್ಯಾಟರಿಯ ಬಗ್ಗೆ ಕೇಳಲಿಲ್ಲ, ಲೀಟರಿಗೆ ಎಷ್ಟು ಓಡುತ್ತದೆಂದೂ ಕೇಳಲಿಲ್ಲ. “ಹಿಂದೆ ಹೈಬ್ರಿಡ್ ಅಂತ ಬರ್ದದ್ದು ಇಷ್ಟು ಸಣ್ಣ ಯಾಕೆ ಮಾರಾಯ್ರೆ? ರಸ್ತೆಯಿಂದ ಕಾಣುದಿಲ್ವಲ್ಲ,” ಎಂದು ಮಾತ್ರ ಕೇಳಿದರು. ದೊಡ್ಡ ಅಕ್ಷರ ಹಾಕಿಸಿ ಕೊಡುವುದಾಗಿ ಕೃಷ್ಣಮೋಹನ ಒಪ್ಪಿದ. ವ್ಯಾಪಾರ ಮುಗಿಯಿತು. ಹಿಂದಿರುಗುವ ದಾರಿಯಲ್ಲಿ ಅವನು ನಗುತ್ತಲೇ ಇದ್ದ. ಹೈಬ್ರಿಡ್ಡಿಗೆ ಜನ ಹೆಚ್ಚು ಕೊಡುತ್ತಾರೆಯೇ ಎಂಬ ಪ್ರಶ್ನೆಗೆ ಕಂಪೆನಿಯವರು ಉತ್ತರ ಹುಡುಕುತ್ತಿದ್ದದ್ದು ಇಂಜಿನಿನ ಒಳಗೆ. ಉತ್ತರ ಇದ್ದದ್ದು ಪಕ್ಕದ ಮನೆಯವನ ಹೊಟ್ಟೆಕಿಚ್ಚಿನ ಒಳಗೆ.

ಚಿತ್ರೀಕರಣಕ್ಕೆ ಜನವರಿಯ ಒಂದು ಬೆಳಗ್ಗೆ ನಿಶ್ಚಯವಾಯಿತು. ಕೃಷ್ಣಮೋಹನ ಒಂದು ಗಂಟೆ ಮೊದಲೇ ಅಜ್ಜಾವರ ತಲುಪಿ, ಅಂಗಳದಲ್ಲಿ ಯಾರು ಯಾರಿದ್ದಾರೆಂದು ನೋಡಿದ. ಅಡಿಕೆ ಹೆಕ್ಕುವ ಇಬ್ಬರು ಹೆಂಗಸರಿದ್ದರು. ವಿಚಾರಿಸಿದ, ಇಬ್ಬರೂ ಅಜ್ಜಾವರದವರೇ. ಹಾಲು ಒಯ್ಯುವವನು ಬಂದ, ಅವನೂ ಅದೇ ಊರಿನವನು. ಕೃಷ್ಣಮೋಹನನಿಗೆ ಸಮಾಧಾನವಾಯಿತು. ಶೆಡ್ಡಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ಕಾರನ್ನು ತಾನೇ ಹೊರತಂದು ತೋಟದ ಅಂಚಿಗೆ ನಿಲ್ಲಿಸಿದ. ಹಿನ್ನೆಲೆಯಲ್ಲಿ ಹಸಿರು ಬರಲೆಂದು ಸಮನ್ವಿತಾ ಹೇಳಿದ್ದಳು. ಅವಳು ಬಂದು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿದಳು. ಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತರು.

“ನಿಮಗೆ ಹೈಬ್ರಿಡ್ ಯಾಕೆ ಬೇಕೆನಿಸಿತು?” ಎಂದು ಕೇಳಿದಳು ಸಮನ್ವಿತಾ.

“ಪರಿಸರಕ್ಕೆ ಒಳ್ಳೇದು ಅಂತ,” ಎಂದರು ಬೆಳ್ಯಪ್ಪ ಗೌಡರು. ಹಿಂದಿನ ದಿನ ಕೃಷ್ಣಮೋಹನ ಅದನ್ನು ಐದು ಸಲ ಹೇಳಿಸಿದ್ದ.

“ಸಾಮಾನ್ಯ ಕಾರಿಗಿಂತ ಹೆಚ್ಚು ಕೊಟ್ಟಿದ್ದೀರಾ?”

“ನಾಲ್ಕು ಲಕ್ಷ ಹೆಚ್ಚು. ಸುಳ್ಯದಲ್ಲಿ ಬೇರೆ ಯಾರಿಗೂ ಧೈರ್ಯ ಬರ್ಲಿಲ್ಲ.” ಇದು ಹೇಳಿಕೊಟ್ಟದ್ದಲ್ಲ. ಮುಖ ತಾನಾಗಿ ಅರಳಿತು. “ಸುಮ್ಮನೆ ಯಾರೋ ಓಡಿಸಿ ಬಿಟ್ಟ ಗಾಡಿ ಅಲ್ಲ ಇದು. ಪುತ್ತೂರಿನ ಡಾಕ್ಟ್ರದ್ದು. ಆದಿತ್ಯವಾರ ಮಾತ್ರ ಹೊರಗೆ ತೆಗೀತಿದ್ದದ್ದು.”

ಸಮನ್ವಿತಾ ತಲೆಯಾಡಿಸಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಕೃಷ್ಣಮೋಹನ ಕ್ಯಾಮೆರಾದ ಹಿಂದೆ ಕೈಕಟ್ಟಿ ನಿಂತು, ಗಾಜಿನ ಗೋಡೆಗೆ ಯಾವ ಬಣ್ಣದ ಪರದೆ ಹಾಕಿಸುವುದೆಂದು ಯೋಚಿಸತೊಡಗಿದ.

ಆಗ ಮೇಲಿನಿಂದ ದನಿ ಬಂತು. “ಓ ಬೆಳ್ಯಪ್ಪಣ್ಣಾ, ಎಂತ ಡಾಕ್ಟ್ರು ಮಾರಾಯ್ರೆ! ಅದು ರಾಮಕುಂಜದ ಯಜ್ಞೇಶ್ವರ ಭಟ್ರ ಕಾರಲ್ವಾ? ನಂಬರು ನನಗೆ ಬಾಯಿಪಾಠ ಉಂಟು. ಬ್ಯಾಟರಿ ಸತ್ತಿತು, ಪುತ್ತೂರಿನ ಕೃಷ್ಣಮೋಹನನಿಗೆ ಗುಜರಿಗೆ ಕೊಟ್ಟೆ ಅಂತ ಭಟ್ರು ಮೊನ್ನೆ ಅಷ್ಟು ಬೇಜಾರು ಮಾಡಿದ್ರು. ಇದು ಹೇಗೆ ಜೀವ ಬಂದು ಇಲ್ಲಿಗೆ ಬಂತು?” ನಲವತ್ತು ಅಡಿ ಎತ್ತರದಲ್ಲಿ, ಒಂದು ಅಡಿಕೆ ಮರದ ತುದಿಯಿಂದ ಬಾಗಿ ಇನ್ನೊಂದರ ತುದಿ ಹಿಡಿಯುತ್ತಾ, ಇಚಿಲಂಪಾಡಿಯ ತೀರ್ಥರಾಮ ತೋಟದ ಆಚೆ ಕಡೆಯಿಂದ ಕೊಯ್ಯುತ್ತಾ ಅಂಗಳದ ಅಂಚಿಗೆ ಬಂದು ಮುಟ್ಟಿದ್ದ. ಮರ ಹತ್ತುವವರು ಈಗ ಕೈಬೆರಳೆಣಿಕೆಯಷ್ಟು ಮಂದಿ. ಕೊಯ್ಲು ಬಂತೆಂದರೆ ಭಟ್ಟರಾಗಲಿ ಗೌಡರಾಗಲಿ ಕಾಯುವುದು ಅದೇ ತೀರ್ಥರಾಮನನ್ನು. ಬೇರೆಯವರು ಹಾರಿಸಿಕೊಂಡು ಹೋಗದಂತೆ ಬೆಳಗ್ಗೆ ಅವನ ಮನೆಗೆ ಸ್ವಂತ ಕಾರು ಒಯ್ದು, ಮುಂದಿನ ಸೀಟಿನಲ್ಲಿ ಕೂರಿಸಿ ಕರೆತರುವುದು. ಈ ದಿನ ಗೌಡರು ಅವನನ್ನು ತಂದದ್ದು ಜೀಪಿನಲ್ಲಿ, ಆದರೆ ಭಟ್ಟರ ಆ ಕಪ್ಪು ಕಾರಿನಲ್ಲಿ ಅವನು ಆರು ಕೊಯ್ಲು ಕಾಲ ಓಡಾಡಿದ್ದ. ಬೆಳ್ಯಪ್ಪ ಗೌಡರು ಬಾಗಿಲಿನಿಂದ ಕೈ ತೆಗೆದು, ಕೃಷ್ಣಮೋಹನನನ್ನು ನೋಡುತ್ತಲೇ, “ಭಟ್ರ ಫೋನ್ ನಂಬರು ಉಂಟಾ ತೀರ್ಥ?” ಎಂದು ಮೇಲಕ್ಕೆ ಕೂಗಿದರು. “ಉಂಟು, ಬರ್ಕೊಳ್ಳಿ,” ಎಂದು ತೀರ್ಥರಾಮ ಒಂದೊಂದೇ ಅಂಕಿ ಹೇಳತೊಡಗಿದ. ಸಮನ್ವಿತಾ ಕ್ಯಾಮೆರಾ ನಿಲ್ಲಿಸದೆಯೇ ಬರೆದುಕೊಂಡಳು. ಮೂರು ತಾಲೂಕಿನಲ್ಲಿ ಯಾರು ಯಾರನ್ನು ಎಲ್ಲಿ ಕಾಣಬಹುದೆಂದು ಒಬ್ಬೊಬ್ಬರನ್ನೇ ಲೆಕ್ಕ ಹಾಕಿದ್ದ ಕೃಷ್ಣಮೋಹನ, ನೆಲದ ಮೇಲೆ ನಡೆಯುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದ.