ಮೊದಲು ಇಟ್ಟಿಗೆ ಇಡಿ

"ಇಟ್ಟಿಗೆ ಇದೆಯಾ ಮೇಡಂ?"

ಗೇಟಿನೊಳಗೆ ಕಾಲಿಟ್ಟವನ ಬಾಯಿಂದ ಬಂದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಕಾರು ಎಲ್ಲಿದೆ ಎಂಬ ಪ್ರಶ್ನೆಯಿಲ್ಲ!

ಅದೇ ದನಿ... ವರ್ಷದಿಂದ ಅವಳ ನೆಮ್ಮದಿ ಕೆಡಿಸಿದ ದನಿ!

"ಇಟ್ಟಿಗೆ ಯಾಕೆ?" ಹಲ್ಲು ಕಚ್ಚಿ ಕೇಳಿದಳು.

"ಅಂಗಳ ಇಳಿಜಾರಿದೆಯಲ್ಲ. ಗೇರ್ ಲಿವರ್ ಲೂಸಾಗಿರೋ ಆಟೋಮ್ಯಾಟಿಕ್ ಕಾರನ್ನ ನಂಬಬಾರದು. ಮೇಲೆ ಲಿವರ್ ಪಾರ್ಕಿಂಗ್‌ನಲ್ಲಿ ನಿಂತಿರುತ್ತೆ, ಕೆಳಗೆ ಗೇರ್ ಬಾಕ್ಸ್ ಇನ್ನೆಲ್ಲೋ ಇರುತ್ತೆ. ಮೊದಲು ಚಕ್ರಕ್ಕೆ ಇಟ್ಟಿಗೆ, ಆಮೇಲೆ ಮಾತು."

ಅಬ್ಬಾ ಕಳ್ಳ! ಈಗ ಬಂತಾ ಬುದ್ಧಿ?

ಹೂಕುಂಡದ ಹಿಂದೆ ಅವಳ ಮೊಬೈಲು ಎಲ್ಲವನ್ನೂ ರೆಕಾರ್ಡ್ ಮಾಡುತ್ತಿತ್ತು. ಅದರೊಳಗೆ ಇವನು ಇಟ್ಟಿಗೆಯಿಡದೆ ಕಾರಿಗೆ ಕೈಹಾಕುವುದು ಬೀಳಬೇಕಿತ್ತು. ಅದನ್ನು ಊರಿಗೆಲ್ಲ ತೋರಿಸಿ ಇವನ ಮಾನ ಹರಾಜು ಹಾಕಬೇಕಿತ್ತು. ಆದರೆ ಈ ಪುಣ್ಯಾತ್ಮ ಬಂದವನೇ ಇಟ್ಟಿಗೆ ಕೇಳುತ್ತಿದ್ದಾನೆ!

ಯಾಕಿಷ್ಟು ಸೇಡು ಅಂತೀರಾ? ಕೇಳಿ.

ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವುದು ಹೇಗೆ ಎಂದು ತೋರಿಸುವ 'ಕೈಗುಣ' ಎಂಬ ಚಾನೆಲ್ ಇವನದು. ಮುಖ ಕಾಣುವುದಿಲ್ಲ, ಬರೀ ಕೈ ಮತ್ತು ದನಿ. ಹೋದ ವರ್ಷ ಅವಳ ಅಪ್ಪ ಆ ವಿಡಿಯೋ ನೋಡಿಕೊಂಡೇ ಅಲ್ಲಾಡುತ್ತಿದ್ದ ಲಿವರ್ ಬಿಚ್ಚಿದ್ದರು. ಪಕ್ಕದಲ್ಲಿ ನಿಂತು, ಬಾಗಿಲೊಳಗೆ ಬಗ್ಗಿ ಗೇರ್ ಬಾಕ್ಸಿಗೆ ಹೋಗುವ ಕೇಬಲ್ ಎಳೆದ ಕೂಡಲೇ ಕಾರು ಹಿಂದಕ್ಕೆ ಉರುಳಿತು. ತೆರೆದಿದ್ದ ಬಾಗಿಲಿಗೂ ಗೇಟಿನ ಕಂಬಕ್ಕೂ ನಡುವೆ, ಕಾರು ತಡೆಯಲು ಚಾಚಿದ ಬಲಗೈ ಮಣಿಕಟ್ಟು ಸಿಕ್ಕಿ ಪುಡಿಪುಡಿ!

ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದ ಕೈ ಅದು. ಈಗ ಲೋಟ ಹಿಡಿದರೂ ನಡುಗುತ್ತದೆ.

"ವಿಡಿಯೋದಲ್ಲಿ ಇಟ್ಟಿಗೆ ಇಡಿ ಅಂತ ಹೇಳಲೇ ಇಲ್ಲ ಮಗಳೇ" ಎಂದಿದ್ದರು ಅಪ್ಪ, ಆಸ್ಪತ್ರೆಯ ಮಂಚದ ಮೇಲೆ.

ಅವಳ ಕೆಲಸ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು. ಬೇರೆಯವರ ತಪ್ಪಿಗೆ ಕೆಂಪು ಗೀಟು ಎಳೆದೇ ಅನ್ನ ತಿನ್ನುವವಳು ಸುಮ್ಮನಿರುತ್ತಾಳೆಯೇ? ಅಪ್ಪನ ಮಾತೇ ಸಾಕೆಂದು, ವಿಡಿಯೋ ಪೂರ್ತಿ ನೋಡದೆ, 'ಕೆಂಡ' ಎಂಬ ಹೆಸರಿನಲ್ಲಿ ಅದರ ಕೆಳಗೆ ಅಪ್ಪನ ಕೈಯ ಕಥೆಯನ್ನೆಲ್ಲ ಉದ್ದಕ್ಕೆ ಬರೆದಳು. ಅದೇ ಸಂಜೆ ವಿಡಿಯೋ ಮಾಯ!

ಸಾಕ್ಷಿ ನುಂಗಿ ನೀರು ಕುಡಿದ, ಪಾಪಿ! ಅವಳು ಅಂದೇ ಪಣ ತೊಟ್ಟಳು. ವರ್ಷ ಕಳೆದು ಲಿವರ್ ಮತ್ತೆ ಅಲ್ಲಾಡತೊಡಗಿದಾಗ, ಚಾನೆಲ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿ ಅವನನ್ನೇ ಮನೆಗೆ ಕರೆಸಿದಳು.

ಆದರೆ ಇವತ್ತು ಅವನು ಇಟ್ಟಿಗೆಯಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಲಿವರಿನ ಸುತ್ತಲಿನ ಮುಚ್ಚಳ ತೆಗೆದು, ಕೇಬಲ್ ತುದಿಯನ್ನು ಲಿವರಿಗೆ ಹಿಡಿದಿಡುವ, ಶರ್ಟಿನ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್ ಹೊರತೆಗೆದ. ಸವೆದು ಹೋಗಿತ್ತು. ಹೊಸದನ್ನು ಕೂರಿಸಿದ.

ಕೈ ಒರೆಸಿಕೊಳ್ಳುವಾಗ ಗೇಟಿನ ಕಂಬದ ಗಾಯವನ್ನೊಮ್ಮೆ, ವರಾಂಡದಲ್ಲಿ ಕೂತಿದ್ದ ಅಪ್ಪನ ಕೈಯನ್ನೊಮ್ಮೆ ನೋಡಿದ. ಚೀಲ ಎತ್ತಿಕೊಂಡು ಹೊರಟುಹೋದ.

ಹೋಗು, ಹೋಗು! ಮತ್ತೆ ಕರೆಸದೇ ಇದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ!

ಮುಂದಿನ ಭಾನುವಾರ ಅಪ್ಪನ ಹಳೇ ಸ್ಪ್ಯಾನರ್ ಹಿಡಿದು, ಲಿವರಿನ ಬುಡದ ನಾಲ್ಕು ಬೋಲ್ಟ್‌ಗಳನ್ನು ತಾನೇ ಸಡಿಲಿಸಿದಳು. ಎರಡು ಉಗುರು ಮುರಿದವು. ಮುರಿಯಲಿ!

"ಮತ್ತೆ ಅಲ್ಲಾಡ್ತಿದೆ ನಿಮ್ಮ ಕೆಲಸ!" ಎಂದು ಫೋನಿನಲ್ಲಿ ದಬಾಯಿಸಿದಳು.

ಅವನು ಬಂದ. ಇಟ್ಟಿಗೆ ಇಟ್ಟ. ಬೋಲ್ಟ್ ನೋಡಿ ತಲೆ ಕೆರೆದುಕೊಂಡ.

"ಹತ್ತರ ಬೋಲ್ಟಿಗೆ ಹನ್ನೊಂದರ ಸ್ಪ್ಯಾನರ್ ಹಾಕಿ ತಿರುವಿದ್ದಾರೆ ಯಾರೋ."

"ಹೆ... ಹೆಗ್ಗಣ ಇರಬೇಕು."

"ಸ್ಪ್ಯಾನರ್ ಹಿಡಿಯೋ ಹೆಗ್ಗಣವಾ? ಉಗುರು ಜೋಪಾನ ಅಂತ ಹೇಳಿ ಅದಕ್ಕೆ."

ಅವಳು ಸರಕ್ಕನೆ ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡಳು. ಆದರೂ ತುಟಿಯಂಚಿನಲ್ಲಿ ನಗು ಜಾರಿಬಿಟ್ಟಿತು. ಥೂ! ಶತ್ರುವಿನ ಮಾತಿಗೆ ನಕ್ಕೆನಾ ನಾನು?

ಅಷ್ಟಕ್ಕೇ ಮುಗಿಯಲಿಲ್ಲ. ಅವನು ವರಾಂಡದತ್ತ ತಿರುಗಿ ಕೂಗಿದ, "ಮೇಷ್ಟ್ರೇ, ಸ್ವಲ್ಪ ಟಾರ್ಚ್ ಹಿಡೀತೀರಾ? ನಿಮ್ಮಂಥ ಅನುಭವಸ್ಥರು ಹಿಡಿದ್ರೇನೇ ಬೆಳಕು ಸರಿಯಾಗಿ ಬೀಳೋದು."

ಅಪ್ಪ ಎದ್ದು ಬಂದರು. ನಡುಗುವ ಬಲಗೈಯಲ್ಲೇ ಟಾರ್ಚ್ ಹಿಡಿದರು. ಬೆಳಕು ಅತ್ತಿತ್ತ ಓಡಾಡಿತು. ಅವನು ಒಮ್ಮೆಯೂ "ಸರಿಯಾಗಿ ಹಿಡೀರಿ" ಎನ್ನಲಿಲ್ಲ, ಬೆಳಕು ಹೋದಲ್ಲಿಗೆ ತಾನೇ ಬಗ್ಗಿದ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಅಪ್ಪ ಅವತ್ತು ಅರ್ಧ ಗಂಟೆ ಕ್ಲಚ್ಚಿನ ಕಥೆ ಹೇಳಿದರು!

ಅವಳು ಒಳಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಇವನು ಒಳ್ಳೆಯವನಾಗಿಬಿಟ್ಟರೆ ನನ್ನ ಒಂದು ವರ್ಷದ ಸಿಟ್ಟನ್ನು ಎಲ್ಲಿಡಲಿ?

ಇಲ್ಲ. ಕೊನೆಯದೊಂದು ಸಲ. ಅವನು ಒಳ್ಳೆಯವನೋ ನಾಟಕದವನೋ ಇತ್ಯರ್ಥ ಆಗಿಯೇ ಹೋಗಲಿ!

ಮೂರನೆಯ ಭಾನುವಾರ ಕೇಬಲಿನ ಬುಷ್ಷನ್ನೇ ಕಿತ್ತಳು. ಇಟ್ಟಿಗೆಗಳನ್ನು ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟಳು. ಮೊಬೈಲು ಹೂಕುಂಡದ ಹಿಂದೆ ಕೂತಿತು.

ಅವನು ಬಂದ. ಅಂಗಳದ ಸುತ್ತ ಕಣ್ಣಾಡಿಸಿದ. ಇಟ್ಟಿಗೆ ಕೇಳಲಿಲ್ಲ!

ಕಾರಿನ ಬಾಗಿಲು ತೆರೆದು, ಹೊರಗೇ ನಿಂತು ಒಳಗೆ ಬಗ್ಗಿದ. ಥೇಟ್ ಅಪ್ಪ ನಿಂತಂತೆ... ಅದೇ ಜಾಗದಲ್ಲಿ.

ಸಿಕ್ಕ! ಸಿಕ್ಕೇ ಬಿದ್ದ!

ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ವರ್ಷದ ಸೇಡು ಕೈಗೆ ಬಂದಿತ್ತು. ಅವನ ಕೈ ಕೇಬಲಿನತ್ತ ಇಳಿಯಿತು...

"ಬೇಡಾ!"

ತೊಟ್ಟಿಯ ಹಿಂದಕ್ಕೆ ಯಾವಾಗ ಓಡಿದಳೋ, ಎರಡೂ ಇಟ್ಟಿಗೆಗಳನ್ನು ಎದೆಗವಚಿಕೊಂಡು ಯಾವಾಗ ಬಂದಳೋ ಅವಳಿಗೇ ಗೊತ್ತಿಲ್ಲ. ಮಂಡಿಯೂರಿ ಹಿಂದಿನ ಚಕ್ರಕ್ಕೆ ಒತ್ತಿಟ್ಟಳು. ಮಂಡಿ ತರಚಿ ರಕ್ತ ಬಂತು.

"ತಲೆ ನೆಟ್ಟಗಿದೆಯೇನ್ರೀ ನಿಮಗೆ? ಕೈ ಹೋದ್ರೆ ಏನ್ ಮಾಡ್ತೀರಾ? ಒಂದು ಕೈ ಹೋಗಿದ್ದು ನೋಡಿ ಸಾಕಾಗಿದೆ ನನಗೆ!"

ಅವನು ಮೆಲ್ಲನೆ ನೆಟ್ಟಗಾದ.

"ಬಗ್ಗಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದಿದ್ದೀನಿ. ಕಾರು ಎಲ್ಲಿಗೂ ಹೋಗಲ್ಲ."

"ಮತ್ತೆ... ಇಟ್ಟಿಗೆ?"

"ಬೇಕಂತಲೇ ಕೇಳಲಿಲ್ಲ. ಮೂರು ವಾರದಿಂದ ಪಾಪ, ಮೊಬೈಲು ಹೂಕುಂಡದ ಹಿಂದೆ ಕಾಯ್ತಾ ಇದೆಯಲ್ಲ. ನಿಮಗೆ ಬೇಕಾಗಿದ್ದು ಸಿಗಲಿ ಅಂತ."

ಅವಳು ಗಕ್ಕನೆ ಹೂಕುಂಡದತ್ತ ತಿರುಗಿದಳು.

"ನಾನು ಯಾರು ಅಂತ ಗೊತ್ತಿತ್ತಾ?"

"ಮೊದಲ ದಿನಾನೇ. ಆ ಕಂಬ, ಮೇಷ್ಟ್ರ ಕೈ... ಎಲ್ಲಾ ನೀವೇ ಬರೆದಿದ್ರಲ್ಲ, ಕೆಂಡ ಅವರೇ. ಆ ಬರಹ ನನಗೆ ಬಾಯಿಪಾಠ ಆಗಿದೆ."

"ಹಾಗಾದ್ರೆ ವಿಡಿಯೋ ಯಾಕೆ ತೆಗೆದ್ರಿ? ತಪ್ಪು ಮುಚ್ಚಿಡೋಕೆ ತಾನೇ?"

ಅವನು ಬಾಯಿ ತೆರೆದ. ವರಾಂಡದತ್ತ ನೋಡಿ ಮುಚ್ಚಿಕೊಂಡ.

"ಅವನು ಹೇಳಲ್ಲ ಮಗಳೇ. ನಾನು ಹೇಳ್ತೀನಿ."

ಅಪ್ಪ ಎದ್ದು ನಿಂತಿದ್ದರು.

"ಅವನು ಹೇಳಿದ್ದ. ಮೊದಲ ಎರಡು ನಿಮಿಷ ಇಟ್ಟಿಗೆ ಇಡಿ, ಹ್ಯಾಂಡ್‌ಬ್ರೇಕ್ ಎಳೀರಿ ಅಂತಾನೇ ಇತ್ತು. ಆಮೇಲೆ ನೋಡಿದೆ. ಅವತ್ತು... 'ನನಗೇ ಪಾಠ ಹೇಳ್ತಾನಾ ಇವನು' ಅಂತ ಮುಂದಕ್ಕೆ ಓಡಿಸಿದ್ದೆ. ಮೂವತ್ತು ವರ್ಷ 'ಮೊದಲು ಹ್ಯಾಂಡ್‌ಬ್ರೇಕ್' ಅಂತ ಬೊಬ್ಬೆ ಹೊಡೆದವನು ನಾನು. ನಾನೇ ಎಳೆದಿರಲಿಲ್ಲ. ಯಾವ ಮುಖ ಇಟ್ಕೊಂಡು ನಿನಗೆ ಹೇಳಲಿ?"



ಅವಳು ಅವನತ್ತ ತಿರುಗಿದಳು. ಕೆನ್ನೆ ತೋಯ್ದಿತ್ತು.

"ಒಂದು ಮಾತು ಉತ್ತರ ಬರೆಯಬಾರದಿತ್ತಾ? 'ನಾನು ಹೇಳಿದ್ದೆ' ಅಂತ!"

"ಮಗಳ ಮುಂದೆ ಅಪ್ಪನ್ನ ಸಣ್ಣವರನ್ನಾಗಿ ಮಾಡೋದಾ? ಅದೂ ಅಲ್ಲದೆ, ನಾನು ಹೇಳಿದ್ದು ಒಂದೇ ಸಲ. ಕೇಬಲ್ ಮುಟ್ಟೋ ಮುಂಚೆ ಇನ್ನೊಂದು ಸಲ ಹೇಳಬೇಕಿತ್ತು. ಅದಕ್ಕೇ ತೆಗೆದೆ."

ಅವಳು ಹೂಕುಂಡದ ಹಿಂದಿನಿಂದ ಮೊಬೈಲು ತೆಗೆದು, ಮೂರೂ ವಾರಗಳ ರೆಕಾರ್ಡಿಂಗನ್ನು ಅವನೆದುರೇ ಅಳಿಸಿದಳು. ಆಮೇಲೆ ಅಪ್ಪನ ಬಳಿ ಹೋಗಿ, ಆ ನಡುಗುವ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಅವನು ಬುಷ್ ಕೂರಿಸಿ, ಲಿವರ್ ಅಲ್ಲಾಡಿಸಿ ನೋಡಿದ. ಗಟ್ಟಿಯಾಗಿ ನಿಂತಿತ್ತು. ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದವನನ್ನು ಅವಳು ತಡೆದಳು.

"ನಿಂತ್ಕೊಳ್ಳಿ. ನನ್ನ ಸೇಡು ಇನ್ನೂ ತೀರಿಲ್ಲ."

"ಇನ್ನೇನು ಬಾಕಿ?"

"ಒಂದು ವರ್ಷ ಸುಮ್‌ಸುಮ್ನೆ ನನ್ನಿಂದ ದ್ವೇಷ ಮಾಡಿಸಿಕೊಂಡ್ರಲ್ಲ! ಅದಕ್ಕೆ ನಿಮ್ಮನ್ನ ಸುಮ್ನೆ ಬಿಡಲ್ಲ ನಾನು."

ಅವನ ಕಣ್ಣಲ್ಲಿ ನಗು ತುಳುಕಿತು.

"ಬಿಡಬೇಡಿ. ಆದ್ರೆ ಇನ್ಮೇಲೆ ಲಿವರ್ ಅಲ್ಲಾಡ್ತಿದೆ ಅಂತ ಮಾತ್ರ ಫೋನ್ ಮಾಡಬೇಡಿ. ಉಗುರು ಮುರಿಯುತ್ತೆ."

"ಮತ್ತೆ ಏನಂತ ಮಾಡಲಿ?"

"ಬನ್ನಿ ಅಂತ ಅನ್ನಿ. ಸಾಕು."

ಅವಳು ಗೇಟಿನ ಕಂಬಕ್ಕೆ ಒರಗಿ, ತಗ್ಗಿದ ದನಿಯಲ್ಲಿ ಅಂದಳು,

"ಬನ್ನಿ..."